ಸ್ಪ್ಯಾನಿಷ್ ವರ್ಬ್‌ನ ಸಿಲಬಲ್ ಆಗಿ ಒಡೆಯೋದು, ಒತ್ತು ಎಲ್ಲಿ ಬೀಳುತ್ತೆ ಅಂತ ಹಿಡಿಯೋದು: ಕನ್ನಡದ ಕಿವಿಗೊಂದು ಪೂರ್ತಿ ಗೈಡ್

ಮೊದ್ಲು ನನ್ನ ಮಾನ ಹೋದ ಕಥೆ ಹೇಳ್ಬಿಡ್ತೀನಿ. ಬಿಲ್ಲಿಂಗ್ ಸಪೋರ್ಟ್ ಕೆಲಸದಲ್ಲಿದ್ದಾಗ ಮೆಕ್ಸಿಕೊದ ಕಸ್ಟಮರ್ ಒಬ್ರು ಲೈನಲ್ಲಿದ್ರು, ಅವರ ಅಣ್ಣ ಆಗ್ಲೇ ದುಡ್ಡು ಕಟ್ಟಿದ್ರು, ನಾನು ಅದನ್ನ ಕನ್ಫರ್ಮ್ ಮಾಡ್ಬೇಕಿತ್ತು ಅಷ್ಟೆ. ‘ಯ ಪಗೊ’ ಅಂದೆ. ಆದ್ರೆ ನಮ್ಮ ಅಭ್ಯಾಸದಂಗೆ ‘ಪ’ನ ಒತ್ತಿ ಅಂದ್ಬಿಟ್ಟೆ. ಆ ಕಡೆ ಒಂದು ಸೆಕೆಂಡ್ ಸೈಲೆಂಟು, ಆಮೇಲೆ ನಗು: ನೀವ್ಯಾಕೆ ಕಟ್ತೀರಾ ಅಂತ. ‘ಪ’ ಮೇಲೆ ಒತ್ತಿದ್ರೆ ‘ನಾನು ಈಗ ಕಟ್ತೀನಿ’, ‘ಗೊ’ ಮೇಲೆ ಒತ್ತಿದ್ರೆ ‘ಅವರು ಆಗ್ಲೇ ಕಟ್ಟಿದ್ರು’. ಅಕ್ಷರ ಅವೇ, ಆದ್ರೆ ಆಳೂ ಬೇರೆ, ಕಾಲವೂ ಬೇರೆ.

ಕನ್ನಡದಲ್ಲಿ ಈ ತಲೆನೋವಿಲ್ಲ. ಕಟ್ತೀನಿ, ಕಟ್ಟಿದ್ರು ಅಂದ್ರೆ ಕೊನೆ ಬಾಲನೇ ಎಲ್ಲ ಹೇಳುತ್ತೆ, ಯಾವ ಅಕ್ಷರನ ಜೋರಾಗಿ ಅಂದ್ರೂ ಅರ್ಥ ಕದಲಲ್ಲ. ಸ್ಪ್ಯಾನಿಷ್‌ನಲ್ಲೂ ಬಾಲ ಇದೆ, ಆದ್ರೆ ಎಷ್ಟೋ ಕಡೆ ಎರಡು ಬಾಲ ಒಂದೇ ಥರ ಇರ್ತವೆ, ಅಲ್ಲೆಲ್ಲ ಕೆಲಸ ಮಾಡೋದು ಬರೀ ಒತ್ತು. (ಒತ್ತು ಅಂದ್ರೆ ಒತ್ತಕ್ಷರದ ಒತ್ತಲ್ಲ, ಬಾಯಲ್ಲಿ ಒತ್ತಿ ಹೇಳೋದು. ‘ಸ್ಟ್ರೆಸ್’ ಅಂತ ಬರೆಯೋಣ ಅಂದ್ರೆ ಎಲ್ರಿಗೂ ಆಫೀಸ್ ನೆನಪಾಗುತ್ತೆ.)

ಇಲ್ಲಿ ನಾನು ಬರೆಯೋ ರೀತಿ ಹೀಗಿದೆ. ಸ್ಪ್ಯಾನಿಷ್ ಪದಗಳನ್ನ ಕನ್ನಡ ಲಿಪಿಯಲ್ಲೇ ಹಾಕ್ತೀನಿ, ಲ್ಯಾಟಿನ್ ಅಮೆರಿಕದ ಉಚ್ಚಾರಣೆಗೆ ಹತ್ತಿರ ಇರೋ ಹಾಗೆ. ಸಿಲಬಲ್ (ಒಂದು ಸ್ವರದ ಸುತ್ತ ಒಟ್ಟಿಗೆ ಉಚ್ಚಾರ ಆಗೋ ಪದದ ತುಂಡು) ಮಧ್ಯೆ ಅಡ್ಡಗೆರೆ, ಒತ್ತು ಬೀಳೋ ಸಿಲಬಲ್ ಚೌಕ ಕಂಸದಲ್ಲಿ. ಸ್ಪ್ಯಾನಿಷ್ ಬರಹದಲ್ಲಿ ಸ್ವರದ ತಲೆ ಮೇಲೆ ಓರೆ ಗೀಟು ಇದ್ರೆ ಆ ಸ್ವರದ ಪಕ್ಕ ´ ಹಾಕಿರ್ತೀನಿ, ಆ ಗೀಟಿನ ಹೆಸರು ತಿಲ್ದೆ. ಹಾಗಾಗಿ ಮೇಲಿನ ಎರಡು ರೂಪ [ಪ]-ಗೊ ಮತ್ತು ಪ-[ಗೊ´]. ಎಲ್ಲ ಸ್ವರನೂ ಹ್ರಸ್ವವಾಗೇ ಬರೀತೀನಿ, ಯಾಕಂದ್ರೆ ಸ್ಪ್ಯಾನಿಷ್‌ನಲ್ಲಿ ಹ್ರಸ್ವ-ದೀರ್ಘದಿಂದ ಅರ್ಥ ಬದಲಾಗಲ್ಲ. ಒತ್ತು ಬಿದ್ದ ಕಡೆ ಸ್ವರ ಸ್ವಲ್ಪ ಉದ್ದ ಕೇಳುತ್ತೆ ನಿಜ, ಆದ್ರೆ ಅದನ್ನ ನಮ್ಮ ‘ಆ’ ಥರ ಎಳೆದ್ರೆ ಸಂಗೀತ ಆಗ್ಬಿಡುತ್ತೆ.

ಹಂತ 1: ವ್ಯಂಜನದ ಹತ್ರ ಕತ್ತರಿ ಹಾಕೋದು

ಎರಡು ಸ್ವರದ ಮಧ್ಯೆ ಒಂದೇ ವ್ಯಂಜನ ಇದ್ರೆ ಅದು ಮುಂದಿನ ಸ್ವರದ ಜೊತೆ ಹೋಗುತ್ತೆ: [ಕೊ]-ಮೊ (ತಿಂತೀನಿ), ಬಿ-[ಬಿ]-ಮೊಸ್ (ಬದುಕ್ತೀವಿ). ಇದು ನಮ್ಗೆ ಹುಟ್ಟಿನಿಂದಲೇ ಬರುತ್ತೆ, ಮುಂದೆ ಹೋಗೋಣ.

ಎರಡು ವ್ಯಂಜನ ಇದ್ರೆ ಮಧ್ಯಕ್ಕೆ ಸೀಳಿ. ಇಲ್ಲಿ ನಮ್ಮ ಲಿಪಿ ಮೋಸ ಮಾಡುತ್ತೆ. ‘ನಾನು ಓದ್ತೀನಿ, ಸ್ಟಡಿ ಮಾಡ್ತೀನಿ’ ಅನ್ನೋದನ್ನ ‘ಎಸ್ತುದ್ಯೊ’ ಅಂತ ಬರೆದ್ರೆ ‘ಸ್ತು’ ಒಂದೇ ಅಕ್ಷರವಾಗಿ ಕಾಣುತ್ತೆ, ಕೈ ಸೀದಾ ಎ-ಸ್ತು ಅಂತ ಒಡೆಯುತ್ತೆ. ತಪ್ಪು. ಎಸ್-[ತು]-ದ್ಯೊ ಸರಿ. ಕಣ್ಣು ನಂಬ್ಬೇಡಿ, ಹೈಸ್ಕೂಲಲ್ಲಿ ಗುರು-ಲಘು ಪ್ರಸ್ತಾರ ಹಾಕಿದ್ದು ನೆನಪು ಮಾಡ್ಕೊಳ್ಳಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಮೇಷ್ಟ್ರು ಹೇಳ್ಕೊಟ್ಟಿದ್ರಲ್ಲ, ಅದು ಯಾಕೆ ಗುರು? ಮುಂದಿನ ಒತ್ತಕ್ಷರದ ಮೊದಲ ವ್ಯಂಜನ ಹಿಂದಕ್ಕೆ ಸರಿದು ಇದನ್ನ ಮುಚ್ಚುತ್ತೆ ಅದಕ್ಕೆ. ಸ್ಪ್ಯಾನಿಷ್‌ನಲ್ಲೂ ಆಗೋದು ಅದೇ. ‘ಎಸ್’ ಅಕ್ಷರದ ನಂತರ ವ್ಯಂಜನ ಬಂದ್ರೆ ಆ ‘ಎಸ್’ ಯಾವಾಗ್ಲೂ ಹಿಂದಿನ ಸಿಲಬಲ್‌ದೇ, ಇದಕ್ಕೆ ಅಪವಾದನೇ ಇಲ್ಲ.

ಆದ್ರೆ 12 ಜೋಡಿಗಳು ಒಡೆಯಲ್ಲ: ಪ್ರ, ಬ್ರ, ತ್ರ, ದ್ರ, ಕ್ರ, ಗ್ರ, ಫ್ರ, ಆಮೇಲೆ ಪ್ಲ, ಬ್ಲ, ಕ್ಲ, ಗ್ಲ, ಫ್ಲ. ಇವು ಒಟ್ಟಿಗೇ ಮುಂದಿನ ಸ್ವರಕ್ಕೆ ಅಂಟ್ಕೊಳ್ತವೆ: [ಅ]-ಬ್ಲೊ (ಮಾತಾಡ್ತೀನಿ), [ಅ]-ಬ್ರೊ (ತೆಗೀತೀನಿ). ಇಲ್ಲಿ ಛಂದಸ್ಸಿನ ಅಭ್ಯಾಸ ಉಲ್ಟಾ ಹೊಡೆಯುತ್ತೆ, ಹುಷಾರು. ‘ಪುತ್ರ’ ಅನ್ನೋವಾಗ ನಾವು ‘ಪುತ್-ತ್ರ’ ಅಂತ ತಕಾರನ ಒಂಚೂರು ಎಳೀತೀವಲ್ಲ, ಹಾಗೆ ‘ಅಬ್-ಬ್ಲೊ’ ಅನ್ಬೇಡಿ. ‘ಅ’ ಬಿಟ್ಟು ಬಾಯಿ ತೆರೆದೇ ಇರ್ಲಿ, ಆಮೇಲೆ ‘ಬ್ಲೊ’.

ಮೂರು ನಾಲ್ಕು ವ್ಯಂಜನ ಸೇರ್ಕೊಂಡಿದ್ರೂ ಇದೇ ಲೆಕ್ಕ. ಹಿಂದಿನಿಂದ ನೋಡಿ, ಈ 12ರಲ್ಲಿ ಒಂದು ಜೋಡಿ ಸಿಕ್ರೆ ಅದು ಮುಂದಕ್ಕೆ, ಉಳಿದಿದ್ದೆಲ್ಲ ಹಿಂದಕ್ಕೆ. ಕೊಮ್-[ಪ್ರ]-ಮೊಸ್ (ಕೊಂಡ್ಕೊಳ್ತೀವಿ), ಕೊನ್ಸ್-[ತ್ರು]-ಯೊ (ಕಟ್ತೀನಿ, ಮನೆ ಕಟ್ಟೋದು). ಬರಹದಲ್ಲಿ ಎರಡು ಅಕ್ಷರ ಇದ್ರೂ ಒಂದೇ ಸದ್ದಾಗಿರೋ ‘ಚ’, ಡಬಲ್ ‘ಎಲ್’, ಡಬಲ್ ‘ಆರ್’ ಇವನ್ನ ಸೀಳೋ ಹಾಗಿಲ್ಲ: ಎಸ್-[ಕು]-ಚೊ (ಕೇಳಿಸ್ಕೊಳ್ತೀನಿ).

ಹಂತ 2: ಸ್ವರಗಳ ಜಗಳ

ಜಾಸ್ತಿ ಜನ ಬೀಳೋದು ಇಲ್ಲೇ. ಐದು ಸ್ವರದಲ್ಲಿ ಅ, ಎ, ಒ ಗಟ್ಟಿ. ಇ, ಉ ಮೆದು. ಎರಡು ಗಟ್ಟಿ ಸ್ವರ ಅಕ್ಕಪಕ್ಕ ಬಂದ್ರೆ ಎರಡು ಸಿಲಬಲ್, ರಾಜಿ ಇಲ್ಲ: [ಲೆ]-ಒ (ಓದ್ತೀನಿ), ಲೆ-[ಎರ್] (ಓದೋದು). ಗಟ್ಟಿ ಜೊತೆ ಮೆದು ಬಂದ್ರೆ ಮೆದು ಸ್ವರ ಕರಗಿ ಯಕಾರ ವಕಾರದ ಥರ ಆಗಿ ಒಂದೇ ಸಿಲಬಲ್: [ಪ್ಯೆನ್]-ಸೊ (ಯೋಚಿಸ್ತೀನಿ), [ಬ್ವೆಲ್]-ಬೊ (ವಾಪಸ್ ಬರ್ತೀನಿ). ಆದ್ರೆ ಒತ್ತು ಆ ಮೆದು ಸ್ವರದ ಮೇಲೇ ಬಿದ್ರೆ ಅದು ಎದ್ದು ನಿಲ್ಲುತ್ತೆ, ಬೇರೆ ಸಿಲಬಲ್ ಆಗುತ್ತೆ, ತಿಲ್ದೆ ಕಡ್ಡಾಯ: ಕೊ-[ಮಿ´]-ಅ (ತಿಂತಿದ್ದೆ), ಎನ್-[ಬಿ´]-ಒ (ಕಳಿಸ್ತೀನಿ), ಕೊನ್-ತಿ-[ನು´]-ಒ (ಮುಂದುವರಿಸ್ತೀನಿ).

ಈಗ ನಮ್ಮ ಬಾಯಿ ಮಾಡೋ ಒಂದು ಅನಾಹುತ. ಕನ್ನಡಕ್ಕೆ ಎರಡು ಸ್ವರ ಅಕ್ಕಪಕ್ಕ ಕೂತ್ರೆ ಆಗಲ್ಲ, ತಕ್ಷಣ ಮಧ್ಯೆ ಯಕಾರನೋ ವಕಾರನೋ ತಂದು ಕೂರಿಸುತ್ತೆ, ಆಗಮ ಸಂಧಿ ಅಂತ ಓದಿದ್ದೀವಲ್ಲ ಅದು. ಹಾಗಾಗಿ ‘ಲೆ-ಒ’ ಅನ್ನೋದು ನಮ್ಮ ಬಾಯಲ್ಲಿ ಆಟೋಮ್ಯಾಟಿಕ್ ಆಗಿ ‘ಲೆಯೊ’ ಆಗುತ್ತೆ. ತೊಂದ್ರೆ ಏನಪ್ಪಾ ಅಂದ್ರೆ ಸ್ಪ್ಯಾನಿಷ್‌ನಲ್ಲಿ ಲೆ-[ಯೊ´] ಅಂತ ನಿಜವಾಗ್ಲೂ ಒಂದು ರೂಪ ಇದೆ, ‘ಅವನು ಓದಿದ’ ಅಂತ. ಅದಂತೂ ನಮ್ಮ ಸಂಧಿಯ ತಮ್ಮನಂತೆ ಇದೆ: ಎರಡು ಸ್ವರದ ಮಧ್ಯೆ ಸಿಕ್ಕ ‘ಇ’ ಯಕಾರ ಆಗಿಬಿಟ್ಟಿದೆ. ಕ್ರೆ-[ಯೊ´] (ನಂಬಿದ), ಕ-[ಯೊ´] (ಬಿದ್ದ), ಒ-[ಯೊ´] (ಕೇಳಿಸ್ಕೊಂಡ) ಎಲ್ಲ ಇದೇ ಜಾತಿ. ಅಲ್ಲಿ ಯಕಾರ ಹಾಕಿ, ಬೇಡ ಅನ್ನಲ್ಲ, ಆದ್ರೆ ‘ಲೆ-ಒ’ನಲ್ಲಿ ಹಾಕ್ಬೇಡಿ. ಪ್ರಾಕ್ಟೀಸಿಗೆ ಎ ಅಂದು ಉಸಿರು ನಿಲ್ಲಿಸ್ದೆ ನಾಲಿಗೆನ ಮೇಲಕ್ಕೆ ತಗಲಿಸ್ದೆ ಒ ಅನ್ನಿ, ಹತ್ತು ಸಲ ಮಾಡಿ, ಮೊದಲು ಆಕಳಿಕೆ ಥರ ಕೇಳುತ್ತೆ, ಪರವಾಗಿಲ್ಲ.

ಎರಡೂ ಮೆದು ಸ್ವರ ಆದ್ರೆ? ಬರಹದ ನಿಯಮದಲ್ಲಿ ಅದು ಒಂದೇ ಸಿಲಬಲ್ ಅಂತ ಲೆಕ್ಕ, ಕೆಲವರು ಬಿಡಿಸಿ ಹೇಳಿದ್ರೂ ಅಷ್ಟೆ. ಅದಕ್ಕೇ ‘ಕಟ್ಟಿದ ಮನೆ’ ಅನ್ನೋವಾಗಿನ ‘ಕಟ್ಟಿದ’ ಥರದ ವಿಶೇಷಣ ಕೊನ್ಸ್-[ತ್ರುಇ]-ದೊ, ತಿಲ್ದೆ ಇಲ್ಲ, ಆದ್ರೆ ‘ಓದಿದ’ ಅನ್ನೋದು ಲೆ-[ಇ´]-ದೊ, ‘ಬಿದ್ದ’ ಅನ್ನೋದು ಕ-[ಇ´]-ದೊ, ಅಲ್ಲಿರೋದು ಗಟ್ಟಿ ಪಕ್ಕ ಒತ್ತು ಬಿದ್ದ ಮೆದು, ಹಾಗಾಗಿ ಎರಡಕ್ಕೂ ತಿಲ್ದೆ ಇದೆ.

ಮಧ್ಯೆ ‘ಎಚ್’ ಅಕ್ಷರ ಇದ್ರೆ ಇಲ್ಲ ಅಂದ್ಕೊಳ್ಳಿ, ಅದಕ್ಕೆ ಸದ್ದೂ ಇಲ್ಲ ಲೆಕ್ಕವೂ ಇಲ್ಲ. ‘ನಿಷೇಧಿಸೋದು’ ಪ್ರೊಇ-[ಬಿರ್], ಆದ್ರೆ ‘ನಿಷೇಧಿಸ್ತೀನಿ’ ಪ್ರೊ-[ಇ´]-ಬೊ. ‘ಸೇರಿಸೋದು’ ರೆಉ-[ನಿರ್], ‘ಸೇರಿಸ್ತೀನಿ’ ರೆ-[ಉ´]-ನೊ. ಒಂದೇ ವರ್ಬ್, ಒತ್ತು ಜಾಗ ಬದಲಾಯಿಸಿದ ತಕ್ಷಣ ಸಿಲಬಲ್ ಒಡೆಯೋ ಜಾಗನೂ ಬದಲಾಯ್ತು ನೋಡಿ.

ಇದ್ರಲ್ಲಿ ಒಂದು ಬಾಯಿಪಾಠದ ಕೆಲಸ ಇದೆ, ತಪ್ಪಿಸ್ಕೊಳ್ಳೋ ದಾರಿ ನಂಗಂತೂ ಸಿಕ್ಕಿಲ್ಲ. ‘ಇಅರ್’ ಅಂತ ಮುಗಿಯೋ ವರ್ಬ್‌ಗಳಲ್ಲಿ ಎರಡು ಪಂಗಡ. [ಕಮ್]-ಬ್ಯೊ (ಬದಲಾಯಿಸ್ತೀನಿ), [ಲಿಮ್]-ಪ್ಯೊ (ಕ್ಲೀನ್ ಮಾಡ್ತೀನಿ) ಒಂದು ಪಂಗಡ, ಇಲ್ಲಿ ಇ ಕರಗುತ್ತೆ. ಎನ್-[ಬಿ´]-ಒ, ಕೊನ್-[ಫಿ´]-ಒ (ನಂಬ್ತೀನಿ) ಇನ್ನೊಂದು, ಇಲ್ಲಿ ಇ ಎದ್ದು ನಿಲ್ಲುತ್ತೆ. ಮೂಲ ರೂಪ ನೋಡಿದ್ರೆ ಯಾವುದು ಯಾವ ಪಂಗಡ ಅಂತ ಗೊತ್ತಾಗಲ್ಲ, ಹಾಗಾಗಿ ಇಂಥ ವರ್ಬ್ ಕಲಿಯೋವಾಗ್ಲೇ ‘ನಾನು’ ರೂಪನೂ ಜೊತೆಗೆ ಕಲಿತ್ಬಿಡಿ. ರಿಯಲ್ ಅಕಾಡೆಮಿಯ (ಸ್ಪ್ಯಾನಿಷ್ ಬರಹದ ನಿಯಮ ಹೊರಡಿಸೋ ಸಂಸ್ಥೆ) ಆನ್‌ಲೈನ್ ಡಿಕ್ಷನರಿಯಲ್ಲಿ ಪ್ರತಿ ವರ್ಬಿಗೂ ಪೂರ್ತಿ ರೂಪಗಳ ಟೇಬಲ್ ಇದೆ, ಫ್ರೀ, ಅಲ್ಲಿ ಚೆಕ್ ಮಾಡಿ.

ಹಂತ 3: ಹಿಂದಿನಿಂದ ಎಣಿಸೋದು

ಒಡೆದಾದ್ಮೇಲೆ ಒತ್ತು ಹುಡುಕೋದು ಸುಲಭ, ಮುಂದಿನಿಂದ ಎಣಿಸದೆ ಕೊನೆಯಿಂದ ಎಣಿಸಿದ್ರೆ. ತಿಲ್ದೆ ಇದ್ರೆ ಒತ್ತು ಅಲ್ಲೇ, ಯೋಚ್ನೆನೇ ಬೇಡ. ತಿಲ್ದೆ ಇಲ್ಲ, ಪದ ಸ್ವರದಲ್ಲೋ ‘ಎನ್’ನಲ್ಲೋ ‘ಎಸ್’ನಲ್ಲೋ ಮುಗಿಯುತ್ತೆ ಅಂದ್ರೆ ಕೊನೆಯಿಂದ ಎರಡನೇ ಸಿಲಬಲ್. ಬೇರೆ ವ್ಯಂಜನದಲ್ಲಿ ಮುಗಿದ್ರೆ ಕೊನೆಯದು: ಅ-[ಬ್ಲರ್], ಕೊ-[ಮೆರ್], ಬಿ-[ಬಿರ್].

ಈ ಎನ್ ಮತ್ತು ಎಸ್ ಯಾಕೆ ಸ್ಪೆಷಲ್ಲು ಅಂತ ನಂಗೆ ಬಹಳ ದಿನ ತಲೆ ಕೆಟ್ಟಿತ್ತು, ಯಾವ ಪುಸ್ತಕದಲ್ಲೂ ‘ಇದು ನಿಯಮ’ ಅಂತಷ್ಟೇ ಇರ್ತಿತ್ತು. ಆಮೇಲೆ ವರ್ಬಿನ ಟೇಬಲ್ ಎದುರಿಗಿಟ್ಕೊಂಡು ನೋಡ್ದಾಗ ಬಲ್ಬ್ ಹತ್ತಿತು. ‘ನೀನು’ ರೂಪ ಎಸ್‌ನಲ್ಲಿ ಮುಗಿಯುತ್ತೆ, ‘ಅವರು’ ರೂಪ ಎನ್‌ನಲ್ಲಿ: [ಅ]-ಬ್ಲೊ, [ಅ]-ಬ್ಲಸ್, [ಅ]-ಬ್ಲ, [ಅ]-ಬ್ಲನ್. ಒತ್ತು ನಾಲ್ಕರಲ್ಲೂ ಅದೇ ಜಾಗದಲ್ಲಿ. ನಿಯಮದಲ್ಲಿ ಈ ಎರಡು ಅಕ್ಷರ ಬಿಟ್ಟಿದ್ರೆ ದಿನಾ ಬಳಸೋ ಲಕ್ಷಾಂತರ ರೂಪಕ್ಕೆ ತಿಲ್ದೆ ಹಾಕ್ತಾ ಕೂರ್ಬೇಕಿತ್ತು. ಅಂದ್ರೆ ಈ ನಿಯಮ ವರ್ಬ್‌ಗೆ ಅಂತಲೇ ಅಳತೆ ತಗೊಂಡು ಹೊಲಿದಂಗಿದೆ (ಬಹುವಚನದ ಎಸ್‌ಗೂ ಇದೇ ಲಾಭ).

ಇನ್ನೊಂದು ಸಣ್ಣದು: ಕೊನೆಯಲ್ಲಿ ‘ವೈ’ ಅಕ್ಷರ ಬಂದ್ರೆ ಬಾಯಿಗೆ ಅದು ಸ್ವರ ಆದ್ರೂ ತಿಲ್ದೆ ಲೆಕ್ಕಕ್ಕೆ ವ್ಯಂಜನ. ಅದಕ್ಕೇ ‘ಇದ್ದೀನಿ’ ಎಸ್-[ತೊಯ್], ತಿಲ್ದೆ ಇಲ್ಲದೆ ಕೊನೆಯಲ್ಲಿ ಒತ್ತು. ‘ಇದ್ದೀಯ’ ಮಾತ್ರ ಎಸ್-[ತ´ಸ್], ಎಸ್‌ನಲ್ಲಿ ಮುಗಿಯೋದ್ರಿಂದ ತಿಲ್ದೆ ಬೇಕು.

ಹಂತ 4: ಯಾವ ಕಾಲದಲ್ಲಿ ಒತ್ತು ಎಲ್ಲಿರುತ್ತೆ

ಓದೋವಾಗ ತಿಲ್ದೆ ದಾರಿ ತೋರಿಸುತ್ತೆ, ಮಾತಾಡೋವಾಗ ತೋರಿಸೋರು ಯಾರು? ಅದಕ್ಕೆ ಪ್ರತಿ ಕಾಲದ ಒತ್ತಿನ ಜಾಗನ ಬಾಯಿಗೆ ಕೂರಿಸ್ಕೊಳ್ಬೇಕು.

ವರ್ತಮಾನದಲ್ಲಿ ನಾನು, ನೀನು, ಅವನು, ಅವರು ಈ ನಾಲ್ಕಕ್ಕೆ ಒತ್ತು ಧಾತು ಮೇಲೆ, ‘ನಾವು’ ಮತ್ತು ಸ್ಪೇನಿನವರ ‘ನೀವೆಲ್ಲ’ ಎರಡಕ್ಕೆ ಬಾಲದ ಮೇಲೆ: [ಅ]-ಬ್ಲೊ, ಆದ್ರೆ ಅ-[ಬ್ಲ]-ಮೊಸ್. ಇದು ಗೊತ್ತಾದ್ರೆ ಕ್ಲಾಸಲ್ಲಿ ಎಲ್ರನ್ನೂ ಅಳಿಸೋ ‘ಧಾತು ಬದಲಾಗೋ ವರ್ಬ್’ಗಳು ಅರ್ಧ ಪರಿಹಾರ. [ಪ್ವೆ]-ದೊ (ನನ್ನ ಕೈಲಾಗುತ್ತೆ) ಆದ್ರೆ ಪೊ-[ದೆ]-ಮೊಸ್ (ನಮ್ಮ ಕೈಲಾಗುತ್ತೆ). [ಪ್ಯೆನ್]-ಸೊ ಆದ್ರೆ ಪೆನ್-[ಸ]-ಮೊಸ್. ಲ್ಯಾಟಿನ್‌ನ ಹ್ರಸ್ವ ಎ, ಒ ಸ್ವರಗಳು ಒತ್ತಿನ ಕೆಳಗೆ ಸಿಕ್ಕಾಗ ಒಡೆದು ‘ಇಎ’, ‘ಉಎ’ ಆದವು, ಒತ್ತು ಬೀಳದ ಕಡೆ ಹಾಗೇ ಉಳಿದವು, ಕಥೆ ಇಷ್ಟೇ. ಅರ್ಜೆಂಟೀನಾದವರು ಇದಕ್ಕೆ ಲೈವ್ ಸಾಕ್ಷಿ: ಅವರು ‘ನೀನು’ಗೆ ‘ಬೊಸ್’ ಅಂತಾರೆ, ಅದರ ಜೊತೆ ಬರೋ ವರ್ಬ್ ರೂಪದಲ್ಲಿ ಒತ್ತು ಕೊನೆಗೆ ಬೀಳುತ್ತೆ, ಹಾಗಾಗಿ ಮೆಕ್ಸಿಕೊದವರ [ಪ್ವೆ]-ದೆಸ್ ಅವರ ಬಾಯಲ್ಲಿ ಪೊ-[ದೆ´ಸ್]. ಒತ್ತು ಸರಿದಿದ್ದೇ ತಡ, ಒಡೆದ ಸ್ವರ ಮತ್ತೆ ಕೂಡ್ಕೊಂಡಿದೆ.

ಭೂತಕಾಲದಲ್ಲಿ ‘ನಾನು’ ಮತ್ತು ‘ಅವನು’ ರೂಪಕ್ಕೆ ಒತ್ತು ಕೊನೆಯಲ್ಲಿ: ಅ-[ಬ್ಲೆ´], ಅ-[ಬ್ಲೊ´], ಕೊ-[ಮಿ´], ಕೊ-[ಮ್ಯೊ´]. ನಾನು ಬಿದ್ದ ‘ಪಗೊ’ ಹಳ್ಳ ಇಲ್ಲೇ ಇರೋದು. ಆದ್ರೆ ಒಂದು ಹಳೇ ತಂಡ ಇದಕ್ಕೆ ಸೊಪ್ಪು ಹಾಕಲ್ಲ, ಒತ್ತು ಧಾತು ಮೇಲೇ ಇಟ್ಕೊಂಡಿದೆ, ತಿಲ್ದೆನೂ ಇಲ್ಲ: [ತು]-ಬೊ (ಅವನ ಹತ್ರ ಇತ್ತು), [ಇ]-ಸೊ (ಮಾಡಿದ), [ದಿ]-ಹೊ (ಹೇಳಿದ), [ಪು]-ಸೊ (ಇಟ್ಟ), [ಬಿ]-ನೊ (ಬಂದ, ವೈನ್ ಅಂತಲೂ ಅರ್ಥ ಇದೆ, ಸಂದರ್ಭ ನೋಡ್ಕೊಳ್ಳಿ). ಹೊಸಬರು ಉತ್ಸಾಹದಲ್ಲಿ ಇವಕ್ಕೂ ತಿಲ್ದೆ ಹಾಕಿಬಿಡ್ತಾರೆ. ಇನ್ನು [ಫ್ವೆ] (ಹೋದ), [ದ್ಯೊ] (ಕೊಟ್ಟ), [ಬ್ಯೊ] (ನೋಡಿದ) ಒಂದೇ ಸಿಲಬಲ್ ಇರೋದ್ರಿಂದ ತಿಲ್ದೆ ಬೇಡ. ಹಳೇ ಪುಸ್ತಕದಲ್ಲಿ ಇವಕ್ಕೂ ತಿಲ್ದೆ ಕಂಡ್ರೆ ಪ್ರಿಂಟ್ ಮಿಸ್ಟೇಕ್ ಅಂದ್ಕೋಬೇಡಿ, 1952ರಲ್ಲಿ ಬಂದು 1959ರಿಂದ ಕಡ್ಡಾಯ ಆದ ಅಕಾಡೆಮಿ ನಿಯಮಕ್ಕೆ ಮುಂಚೆ ಹಾಗೇ ಬರೀತಿದ್ರು.

ನಂಗೆ ಇಷ್ಟವಾದ ಜೋಡಿ ನಗೋ ವರ್ಬಿಂದು. ‘ನಗ್ತೀನಿ’ [ರಿ´]-ಒ, ಎರಡು ಸಿಲಬಲ್. ‘ನಕ್ಕ’ [ರ‍್ಯೊ], ಬರಹದ ಲೆಕ್ಕಕ್ಕೆ ಒಂದೇ ಸಿಲಬಲ್, ತಿಲ್ದೆ ಇಲ್ಲ. 1999ರ ನಿಯಮದಲ್ಲಿ ಇಂಥದ್ದಕ್ಕೆ ಬೇಕಾದ್ರೆ ಹಾಕಿ ಅಂತ ಬಿಟ್ಟಿದ್ರು, 2010ರಲ್ಲಿ ಆ ಆಯ್ಕೆನೂ ತೆಗೆದ್ರು.

‘ತಿಂತಿದ್ದೆ, ಮಾತಾಡ್ತಿದ್ದೆ’ ಥರದ ರೂಪದಲ್ಲಿ ಒತ್ತು ಎಲ್ಲ ಆರು ರೂಪಕ್ಕೂ ಒಂದೇ ಸ್ವರದ ಮೇಲೆ: ಅ-[ಬ್ಲ]-ಬ, ಅ-[ಬ್ಲ´]-ಬ-ಮೊಸ್. ‘ನಾವು’ ರೂಪಕ್ಕೆ ಒಂದು ಸಿಲಬಲ್ ಜಾಸ್ತಿ ಆಗಿದ್ದಕ್ಕೆ ಒತ್ತು ಕೊನೆಯಿಂದ ಮೂರನೇದಾಯ್ತು, ಮೂರನೇದಾದ್ರೆ ತಿಲ್ದೆ ಯಾವಾಗ್ಲೂ ಬೇಕೇ ಬೇಕು.

ಭವಿಷ್ಯತ್ ನಿಜ ಹೇಳ್ಬೇಕಂದ್ರೆ ಎರಡು ಪದ ಅಂಟಿಸಿದ್ದು. ‘ಅಬ್ಲರ್’ ಅನ್ನೋ ಮೂಲ ರೂಪಕ್ಕೆ ‘ಇದೆ’ ಅರ್ಥದ ಸಹಾಯಕ ವರ್ಬಿನ ಎ, ಅಸ್, ಅ, ಎಮೊಸ್, ಅನ್ ಸೇರಿ ಆಗಿರೋದು. ಒತ್ತು ಆ ಅಂಟಿಸಿದ ತುಂಡಿನ ಮೇಲೇ ಕೂತಿದೆ: ಅ-ಬ್ಲ-[ರೆ´], ಅ-ಬ್ಲ-[ರ´ಸ್], ಅ-ಬ್ಲ-[ರ´], ಅ-ಬ್ಲ-[ರೆ]-ಮೊಸ್, ಅ-ಬ್ಲ-[ರ´ನ್]. ‘ನಾವು’ಗೆ ಮಾತ್ರ ತಿಲ್ದೆ ಇಲ್ಲ, ಯಾಕೆ ಅಂತ ಹಂತ 3 ನೋಡಿ ನೀವೇ ಹೇಳಿ. ಇದರ ಪಕ್ಕದ ಮನೆಯಲ್ಲೇ ಒಬ್ಬ ಕಳ್ಳ ಇದ್ದಾನೆ: ಅ-[ಬ್ಲ]-ರ, ‘ಮಾತಾಡಿದ್ರೆ’ ಅನ್ನೋ ಅರ್ಥದ್ದು. ಒತ್ತು ಒಂದು ಹೆಜ್ಜೆ ಹಿಂದೆ ಸರಿದ್ರೆ ‘ಮಾತಾಡ್ತಾನೆ’ ಹೋಗಿ ‘ಮಾತಾಡಿದ್ರೆ’ ಆಗುತ್ತೆ.

ಬಾಯಿ ಪಳಗಿಸೋಕೆ ಈ ಮೂರನ್ನ ಸಾಲಾಗಿ ಹೇಳಿ: [ತೆ´ರ್]-ಮಿ-ನೊ (ಕೊನೆ, ಗಡುವು), ತೆರ್-[ಮಿ]-ನೊ (ಮುಗಿಸ್ತೀನಿ), ತೆರ್-ಮಿ-[ನೊ´] (ಮುಗಿಸಿದ). ಮೇಜಿನ ಮೇಲೆ ಬೆರಳಲ್ಲಿ ತಟ್ಟಿ, ಒತ್ತಿನ ಕಡೆ ಮಾತ್ರ ಜೋರಾಗಿ. ಫೋನಲ್ಲಿ ರೆಕಾರ್ಡ್ ಮಾಡಿ ವಾಪಸ್ ಕೇಳಿ, ಮೂರೂ ಒಂದೇ ಥರ ಕೇಳಿಸಿದ್ರೆ ಇನ್ನೂ ಆಗಿಲ್ಲ ಅಂತ. ನನ್ನ ಮೊದಲ ರೆಕಾರ್ಡಿಂಗಲ್ಲಿ ಮೂರೂ ಮೊದಲನೇದೇ ಆಗಿತ್ತು.

ಹಂತ 5: ಬಾಲಕ್ಕೆ ಸರ್ವನಾಮ ಅಂಟಿದಾಗ

ಆಜ್ಞೆ ಮಾಡೋವಾಗ ‘ನಂಗೆ’, ‘ಅದನ್ನ’ ಅನ್ನೋದೆಲ್ಲ ವರ್ಬಿಗೆ ಹಿಂದಿನಿಂದ ಅಂಟ್ಕೊಳ್ತವೆ. ಒಂದೇ ಸೂತ್ರ: ಒತ್ತು ಇದ್ದ ಜಾಗದಿಂದ ಅಲ್ಲಾಡಲ್ಲ, ಎಣಿಕೆ ಮಾತ್ರ ಬದಲಾಗುತ್ತೆ. [ಕೊಮ್]-ಪ್ರ (ಕೊಂಡ್ಕೊ) ಅನ್ನೋದು [ಕೊ´ಮ್]-ಪ್ರ-ಲೊ (ಅದನ್ನ ಕೊಂಡ್ಕೊ) ಆಗುತ್ತೆ, ಮೂರನೇದಾದ್ದರಿಂದ ತಿಲ್ದೆ ಬಂತು. [ದಿ]-ಮೆ (ನಂಗ್ಹೇಳು) ತಿಲ್ದೆ ಬೇಡ, [ದಿ´]-ಮೆ-ಲೊ (ಅದನ್ನ ನಂಗ್ಹೇಳು) ಬೇಕು. [ದಿ´]-ಗ-ಮೆ-ಲೊ (ಹೇಳ್ರೀ ಅದನ್ನ) ಅಂದ್ರೆ ನಾಲ್ಕನೇ ಸಿಲಬಲ್‌ವರೆಗೂ ಹಿಂದೆ ಹೋಯ್ತು.

ಅರ್ಜೆಂಟೀನಾದವರು ಇಲ್ಲೂ ಉಲ್ಟಾ. ಬೇರೆಯವರ [ಮಿ´]-ರ-ಮೆ (ನನ್ನ ನೋಡು) ಅವರಲ್ಲಿ ಮಿ-[ರ]-ಮೆ, ತಿಲ್ದೆ ಇಲ್ಲ. ಬರೀ ‘ನೋಡು’ ಅಂದ್ರೆ ಮಿ-[ರ´], ತಿಲ್ದೆ ಇದೆ. ಅಂಟಿದ ಮೇಲೆ ಒತ್ತು ಕೊನೆಯಿಂದ ಎರಡನೇದಾಯ್ತಲ್ಲ, ಗೀಟಿಗೆ ಕೆಲಸ ಇಲ್ಲದೆ ಬಿದ್ದೋಯ್ತು.

ಒಂದು ಪೂರ್ತಿ ವಾಕ್ಯ ಒಡೆದು ನೋಡೋಣ. ‘ನೀನು ವಿವರಿಸಿದ್ರೆ ನಂಗೆ ಅರ್ಥ ಆಗ್ತಿತ್ತು’ ಅನ್ನೋಕೆ ‘ಸಿ ಮೆ ಲೊ ಎಕ್ಸ್‌ಪ್ಲಿಕರಸ್, ಲೊ ಎನ್‌ತೆನ್‌ದೆರಿಅ’ ಅಂತಾರೆ. ಮೊದಲ ವರ್ಬಲ್ಲಿ ‘ಪ್ಲ’ ಜೋಡಿ ಒಡೆಯಲ್ಲ, ಹಾಗಾಗಿ ಎಕ್ಸ್-ಪ್ಲಿ-ಕ-ರಸ್, ಎಸ್‌ನಲ್ಲಿ ಮುಗಿಯುತ್ತೆ, ತಿಲ್ದೆ ಇಲ್ಲ, ಕೊನೆಯಿಂದ ಎರಡನೇದು: ಎಕ್ಸ್-ಪ್ಲಿ-[ಕ]-ರಸ್. ಎರಡನೇ ವರ್ಬಲ್ಲಿ ಇ ಮೆದು, ಅ ಗಟ್ಟಿ, ಆದ್ರೆ ಒತ್ತು ಇ ಮೇಲೆ, ಬೇರೆ ಮನೆ ಮಾಡುತ್ತೆ: ಎನ್-ತೆನ್-ದೆ-[ರಿ´]-ಅ. ಈಗ ಮೊದಲ ವರ್ಬನ್ನ ಬೇಕಂತಲೇ ತಪ್ಪಾಗಿ, ಕೊನೆ ‘ರಸ್’ನ ಒತ್ತಿ ಹೇಳಿ. ‘ವಿವರಿಸ್ತೀಯ’ ಅಂತಾಗಿ ವಾಕ್ಯ ಅಲ್ಲೇ ಮುರಿದು ಬೀಳುತ್ತೆ, ಆ ಮುರಿಯೋ ಸದ್ದು ನಿಮ್ಮ ಕಿವಿಗೇ ಕೇಳಿಸೋಕೆ ಶುರುವಾಗೋವರ್ಗೂ ಮೇಜು ತಟ್ತಾ ಇರಿ. ನಮ್ಮನೇಲಿ ಅಮ್ಮ ಈಗ್ಲೂ ಯಾರೋ ಬಾಗ್ಲು ತಟ್ತಿದ್ದಾರೆ ಅಂತ ಎದ್ದು ಹೋಗಿ ನೋಡ್ಕೊಂಡು ಬರ್ತಾರೆ.